ಗಾಲಿಕುರ್ಚಿಗೆ ಮನೆಯನ್ನು ಒಗ್ಗಿಸುವುದು: ಮೊದಲು ಅಳತೆ, ಆಮೇಲೆ ಗಾರೆ

ಮನೆಯವರೊಬ್ಬರು ಗಾಲಿಕುರ್ಚಿ ಹಿಡಿದ ಕೂಡಲೇ ಗಾರೆಯವರನ್ನು ಕರೆಸುವುದು ಸಹಜ, ಆದರೆ ಹಣ ಹೆಚ್ಚು ಪೋಲಾಗುವುದೂ ಆ ಅವಸರದಲ್ಲಿಯೇ. ಮೊದಲ ಎರಡು ವಾರ ಏನನ್ನೂ ಒಡೆಸದೆ, ಕುರ್ಚಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಇಬ್ಬರು ಸೇರಿ ಎತ್ತಬೇಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕುರ್ಚಿಯ ಅಗಲ, ಉದ್ದ, ಕೂರುವ ಎತ್ತರ ಈ ಮೂರನ್ನೂ ಟೇಪು ಹಿಡಿದು ಅಳೆಯಿರಿ. ಸಾಮಾನ್ಯ ಮಡಚುವ ಕುರ್ಚಿ ಸುಮಾರು 25ರಿಂದ 26 ಇಂಚು ಅಗಲ, 42 ಇಂಚು ಉದ್ದ ಇರುತ್ತದೆ. ನಿಂತಲ್ಲೇ ಪೂರ್ತಿ ತಿರುಗಲು ಅದಕ್ಕೆ 5 ಅಡಿ ಅಡ್ಡಳತೆಯ ಜಾಗ ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಅಂಥ ವೃತ್ತವೊಂದನ್ನು ಎಳೆದರೆ, ಗೋಡೆ ಒಡೆಯುವುದಕ್ಕಿಂತ ಟೀಪಾಯಿಯನ್ನೋ ಹಳೆಯ ಬೀರುವನ್ನೋ ಸರಿಸುವುದೇ ಎಷ್ಟೋ ಕಡೆ ಸಾಕೆಂಬುದು ಕಣ್ಣಿಗೇ ಕಾಣುತ್ತದೆ.

ಹಣ ಕಡಿಮೆ ಇದ್ದರೆ ಎರಡೇ ಜಾಗಗಳಿಗೆ ಅದನ್ನು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ: ಮುಂಬಾಗಿಲು ಮತ್ತು ಬಚ್ಚಲುಮನೆ. ಉಳಿದ ಕಡೆ ಹೊಂದಿಸಿಕೊಂಡು ಹೋಗಬಹುದು.

ಮುಂಬಾಗಿಲಿನ ಇಳಿಜಾರಿಗೆ ಒಂದೇ ಸೂತ್ರ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲುಗಳಿದ್ದರೆ 18 ಅಡಿ ಇಳಿಜಾರು ಬೇಕಾಗುತ್ತದೆ. ಈ ಲೆಕ್ಕ ಹೇಳಿದಾಗ ಹೆಚ್ಚಿನ ಗಾರೆಯವರು ನಗುತ್ತಾರೆ, ಏಕೆಂದರೆ ಅವರಿಗೆ ರೂಢಿಯಾಗಿರುವುದು ಸ್ಕೂಟರ್ ಹತ್ತಿಸುವ ಇಳಿಜಾರು. ನಮ್ಮ ತಾಯಿಗೆ ಪಾರ್ಶ್ವವಾಯು ಆದಾಗ ನಾವೂ ಗಾರೆಯವರ ಮಾತಿಗೆ ತಲೆಯಾಡಿಸಿ, 18 ಇಂಚು ಎತ್ತರಕ್ಕೆ 8 ಅಡಿಯಲ್ಲಿ ಕೆಲಸ ಮುಗಿಸಿದೆವು. ಹತ್ತಿಸಲು ಇಬ್ಬರು ಬೇಕಾಗುತ್ತಿತ್ತು, ಇಳಿಸುವಾಗ ಕುರ್ಚಿ ಕೈತಪ್ಪುವಂತಿತ್ತು. ಕೊನೆಗೆ ಅದನ್ನು ಒಡೆಸಿ ಮತ್ತೆ ಕಟ್ಟಿಸಿದ್ದರಿಂದ ಖರ್ಚು ದುಪ್ಪಟ್ಟಾಯಿತು.

30×40 ಅಡಿಯ ನಿವೇಶನದಲ್ಲಿ ಗೇಟಿನಿಂದ ಬಾಗಿಲವರೆಗೆ ನೇರವಾಗಿ 18 ಅಡಿ ಸಿಗುವುದು ಅಪರೂಪ. ಅಂಥಲ್ಲಿ ಇಳಿಜಾರನ್ನು ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಯ್ದು ಮೂಲೆಯಲ್ಲಿ ತಿರುಗಿಸಬಹುದು. ತಿರುವಿನಲ್ಲಿಯೂ ಬಾಗಿಲ ಮುಂದೆಯೂ 5 ಅಡಿ ಚೌಕದ ಸಮತಟ್ಟಾದ ಜಾಗವನ್ನು ಬಿಡಲೇಬೇಕು, ಇಲ್ಲವಾದರೆ ಬಾಗಿಲು ತೆರೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರುತ್ತದೆ. ಇನ್ನೊಂದು ಅಗ್ಗದ ಉಪಾಯವೆಂದರೆ ಅಂಗಳಕ್ಕೇ ಗರಸು ಮಣ್ಣು ತುಂಬಿಸಿ ಎತ್ತರಿಸುವುದು. ಅಂಗಳ 6 ಇಂಚು ಏರಿದರೆ ಇಳಿಜಾರಿನ ಉದ್ದದಲ್ಲಿ 6 ಅಡಿ ಕಡಿಮೆಯಾಗುತ್ತದೆ, ಆದರೆ ಮಳೆನೀರು ಹೊರಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ಮನೆಯ ಪಕ್ಕದ 3 ಅಡಿ ಓಣಿಯನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಕುರ್ಚಿ ನೇರವಾಗಿ ಸಾಗೀತು, ಆದರೆ ಅದರ ಉದ್ದವೇ ಮೂರೂವರೆ ಅಡಿ ಇರುವುದರಿಂದ ಪಕ್ಕದ ಬಾಗಿಲಿಗೆ ತಿರುಗಲಾರದು.

ಇಳಿಜಾರಿನ ಬದಿಗಳಿಗೆ ಇಟ್ಟಿಗೆ ಅಥವಾ ಸೈಜುಗಲ್ಲು ಕಟ್ಟಿ, ನಡುವೆ ಹಳೆಯ ಗಾರೆಚೂರು ಮತ್ತು ಗರಸು ಮಣ್ಣು ಹಾಕಿ ನೀರು ಬಿಟ್ಟು ಚೆನ್ನಾಗಿ ದಮ್ಮಸ್ಸು ಮಾಡಿಸಿ, ಮೇಲೆ 3ರಿಂದ 4 ಇಂಚು ಕಾಂಕ್ರೀಟ್ ಹಾಕಿಸಿದರೆ ಸಾಕು. ಮೇಲ್ಮೈಯನ್ನು ನುಣುಪಾಗಿ ತಿಕ್ಕಲು ಬಿಡಬೇಡಿ. ಹಸಿ ಇರುವಾಗಲೇ ಪೊರಕೆಯನ್ನು ಅಡ್ಡಡ್ಡ ಎಳೆದರೆ ಮಳೆಯಲ್ಲಿಯೂ ಚಕ್ರ ಜಾರದು. ಬದಿಗಳಲ್ಲಿ 3 ಇಂಚು ಎತ್ತರದ ಅಂಚು ಇರಲಿ, ಒಂದು ಕಡೆಯಾದರೂ ಜಿಐ ಪೈಪಿನ ಹಿಡಿಗಂಬಿ ಇರಲಿ. ಇಳಿಜಾರಿನ ಅಗಲ 4 ಅಡಿ ಇದ್ದರೆ ಒಳ್ಳೆಯದು. ಎಲ್ಲವೂ ನಿಮ್ಮ ನಿವೇಶನದ ಒಳಗೇ ಇರಬೇಕು. ರಸ್ತೆಗೆ ಚಾಚಿದರೆ ಅದು ಒತ್ತುವರಿ, ಚರಂಡಿ ಕೆಲಸ ಬಂದಾಗ ಮೊದಲು ಒಡೆಯುವುದೂ ಅದನ್ನೇ.

ಹೊಸ್ತಿಲಿನ ವಿಷಯ ಬೇರೆ. ಅರಿಸಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕತ್ತರಿಸಲು ಹಿರಿಯರು ಒಪ್ಪುವುದಿಲ್ಲ, ಕತ್ತರಿಸುವ ಅಗತ್ಯವೂ ಇಲ್ಲ. 3 ಇಂಚಿನವರೆಗಿನ ಎತ್ತರಕ್ಕೆ ಎರಡು ಅಡಿ ಉದ್ದದ ಇಳಿಜಾರು ಸಾಕಾಗುವುದರಿಂದ, ಬಡಗಿಯಿಂದ ಮರದ ಎರಡು ಬೆಣೆಗಳನ್ನು ಮಾಡಿಸಿ ಹೊಸ್ತಿಲಿನ ಎರಡೂ ಬದಿಗೆ ಜಾರದಂತೆ ಕೂರಿಸಬಹುದು. ಪೂಜೆಯ ಹೊತ್ತಿಗೆ ತೆಗೆದು ಪಕ್ಕಕ್ಕಿಟ್ಟರಾಯಿತು.

ಬಾಗಿಲಿನ ಮಟ್ಟಿಗೆ, ದಾರಂದದ ಒಳಗೆ 32 ಇಂಚು ತೆರಪು ಸಿಕ್ಕರೆ ಕೈಬೆರಳು ತರಚದೆ ಹೋಗಬಹುದು. ಮುಂಬಾಗಿಲು ಹೆಚ್ಚಾಗಿ ಸಾಕಷ್ಟು ಅಗಲ ಇರುತ್ತದೆ. ತೊಂದರೆ ಬರುವುದು ಎರಡೂವರೆ ಅಡಿಯ ಬಚ್ಚಲು ಬಾಗಿಲಲ್ಲಿ. ಅಲ್ಲಿ ಬಾಗಿಲನ್ನೇ ಕಳಚಿ ಪರದೆ ಹಾಕಿದರೆ ಒಂದೂವರೆ ಇಂಚಿನಷ್ಟು ಜಾಗ ಖರ್ಚಿಲ್ಲದೆ ಸಿಗುತ್ತದೆ. ಅದಕ್ಕೂ ಮುಖ್ಯವಾದದ್ದೊಂದಿದೆ: ಬಾಗಿಲನ್ನು ಅಗಲಿಸುವ ಬದಲು ಕುರ್ಚಿಯನ್ನು ಕಿರಿದಾಗಿಸಲು ಸಾಧ್ಯವೇ ನೋಡಿ. ಅಂಗಡಿಯವರು ಎಲ್ಲರಿಗೂ 18 ಇಂಚು ಆಸನದ ಕುರ್ಚಿಯನ್ನೇ ಕೊಡುತ್ತಾರೆ. ಸಣ್ಣ ಮೈಕಟ್ಟಿನವರಿಗೆ 16 ಇಂಚಿನದು ಸರಿಹೊಂದುತ್ತದೆ, ಅಲ್ಲಿಗೆ ಪ್ರತಿ ಬಾಗಿಲಲ್ಲೂ ಎರಡು ಇಂಚು ಉಳಿಯುತ್ತದೆ. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾದಂತಹ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ. ಕುರ್ಚಿ ಕೊಳ್ಳುವ ಮೊದಲು ಅಂಥ ಕಡೆ ವಿಚಾರಿಸುವುದು ಒಳಿತು. ದಾರಂದವನ್ನು ಕಿತ್ತೇ ಅಗಲಿಸಬೇಕಾದರೆ ಬಾಗಿಲ ಮೇಲೆ ಗೋಡೆಯ ಭಾರ ಹೊರುವ ಲಿಂಟಲ್ ಎರಡೂ ಬದಿಗೆ ಗೋಡೆಯೊಳಗೆ ಎಷ್ಟು ಕೂತಿದೆ ಎಂಬುದನ್ನು ಅನುಭವಿ ಮೇಸ್ತ್ರಿಯಿಂದ ನೋಡಿಸದೆ ಒಂದು ಇಟ್ಟಿಗೆಯನ್ನೂ ತೆಗೆಸಬಾರದು.

ಬಚ್ಚಲುಮನೆಯಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ನೆಲಮಟ್ಟದ ಶೌಚದ ಬೇಸಿನ್ ಕಿತ್ತು ಕಮೋಡ್ ಕೂರಿಸುವುದನ್ನು. ಹಣ ಇಲ್ಲದಿದ್ದರೆ ಅದನ್ನು ಮುಂದೂಡಬಹುದು. ಆಸನದ ನಡುವೆ ತೂತಿರುವ, ಚಕ್ರ ಮತ್ತು ಬ್ರೇಕ್ ಇರುವ ಕಮೋಡ್ ಕುರ್ಚಿಯನ್ನು ಹಾಸಿಗೆಯ ಪಕ್ಕದಿಂದಲೇ ತಳ್ಳಿಕೊಂಡು ಹೋಗಿ ಬೇಸಿನ್ ಮೇಲೆ ನಿಲ್ಲಿಸಿದರೆ ಶೌಚವೂ ಸ್ನಾನವೂ ಅದರಲ್ಲೇ ಮುಗಿಯುತ್ತವೆ. ಒದ್ದೆ ನೆಲದ ಮೇಲೆ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ದಾಟುವ ಅಪಾಯ ತಪ್ಪುತ್ತದೆ. ಕುರ್ಚಿ ಹತ್ತಲು ಬೇಸಿನ್ನಿನ ಸುತ್ತ ಕಟ್ಟೆ ಇರಬಾರದು. ಇದ್ದರೆ ಒಡೆಸಬೇಕಾದದ್ದು ಅದೊಂದನ್ನೇ.

ಕಮೋಡ್ ಆಗಲೇ ಇದ್ದರೆ ಅದರ ಆಸನ ಗಾಲಿಕುರ್ಚಿಯ ಆಸನದ ಎತ್ತರಕ್ಕೆ, ಅಂದರೆ 18ರಿಂದ 20 ಇಂಚಿಗೆ, ಆದಷ್ಟು ಹತ್ತಿರವಿರಬೇಕು. ಪಕ್ಕದ ಗೋಡೆಗೆ ಒಂದೂಕಾಲು ಇಂಚು ದಪ್ಪದ ಹಿಡಿಗಂಬಿ ಬೇಕು. ಇದರಲ್ಲಿ ಜಿಪುಣತನ ಸಲ್ಲದು. ಬಚ್ಚಲಿನ ಗೋಡೆ ಎಷ್ಟೋ ಮನೆಗಳಲ್ಲಿ 4 ಇಂಚಿನ ಅಡ್ಡಗೋಡೆ. ಪ್ಲಾಸ್ಟಿಕ್ ಗುಲ್ಲಿ ಹಾಕಿ ಸ್ಕ್ರೂ ತಿರುಗಿಸಿದರೆ ಟವೆಲನ್ನು ತಡೆದೀತು, ಬೀಳುತ್ತಿರುವ ಮನುಷ್ಯನನ್ನು ತಡೆಯದು. ಗೋಡೆಯನ್ನು ಆರಪಾರ ಕೊರೆಸಿ, ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಬಿಗಿಸಬೇಕು. ಮನೆಯ ಅತಿ ತೂಕದವರು ಜೋತುಬಿದ್ದು ನೋಡಿದ ಮೇಲೆಯೇ ಬಳಕೆಗೆ ಬಿಡಬೇಕು. ಬಾಗಿಲು ಉಳಿಸಿಕೊಂಡರೆ ಅದು ಹೊರಕ್ಕೆ ತೆರೆಯುವಂತೆ ಮಾಡಿಸಿ, ಏಕೆಂದರೆ ಒಳಗೆ ಬಿದ್ದವರ ಮೈಯೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ.

ಮಂಚ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಗುಳಿ ತೋಡಿದ ಮರದ ದಿಮ್ಮಿಗಳನ್ನಿಟ್ಟು ಕುರ್ಚಿಯ ಆಸನಕ್ಕೆ ಸಮ ಮಾಡಿ. ಸ್ವಿಚ್ಚುಗಳನ್ನು ಇಳಿಸಲು ಗೋಡೆ ಕೊರೆಯುವುದಕ್ಕಿಂತ, ಹಾಸಿಗೆಯ ಬಳಿಯ ಒಂದು ಬೋರ್ಡನ್ನು ಮಾತ್ರ 4 ಅಡಿಗಿಂತ ಕೆಳಗೆ ತರಿಸುವುದು ಜಾಣತನ.

ಸರ್ಕಾರದ ನೆರವಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯದ ಮಿತಿಯೊಳಗಿನವರಿಗೆ ಗಾಲಿಕುರ್ಚಿಯಂತಹ ಸಾಧನಗಳು ಸಿಗುತ್ತವೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಮೀಸಲಾದ ಶೇ. 5ರ ನಿಧಿಯ ಬಗ್ಗೆ ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅವರನ್ನು ಕೇಳಬಹುದು. ಕುರ್ಚಿಯ ಹಣ ಅಲ್ಲಿ ಉಳಿದರೆ ಅದು ಇಳಿಜಾರಿಗಾಗುತ್ತದೆ.

ಅಡುಗೆಮನೆಯನ್ನು ಕೊನೆಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ನಾವು ಗ್ರಾನೈಟ್ ಕಟ್ಟೆಯನ್ನು ಒಡೆಸಿ 30 ಇಂಚಿಗೆ ಇಳಿಸಲು ಹೊರಟಿದ್ದೆವು, ಅಮ್ಮನನ್ನು ಕೇಳಿರಲೇ ಇಲ್ಲ. ಕೇಳಿದಾಗ ಅವರು ಬೇಡಿದ್ದು ಮೊಣಕಾಲು ಕೆಳಗೆ ತೂರುವಂಥ ಒಂದು ಮೇಜು, ಅದೂ ಕಿಟಕಿಯ ಪಕ್ಕ, ತರಕಾರಿ ಹೆಚ್ಚುವುದಕ್ಕೆ. ಒಲೆಯ ಕೆಲಸ ಅವರಿಗೆ ಬೇಕಿರಲಿಲ್ಲ.