ತಲೆ ಎಣಿಸುತ್ತಾ ಒಡಿಸ್ಸಿ ಓದುವುದು: ನನ್ನ ಅನುಭವ

ಪ್ರಾಚೀನ ಗ್ರೀಕ್ ಕವಿ ಹೋಮರನ ಒಡಿಸ್ಸಿ ಮಹಾಕಾವ್ಯ ಶುರುವಾಗುವುದೇ ಒಂದು ತೀರ್ಪಿನಿಂದ. ಟ್ರಾಯ್ ಯುದ್ಧ ಮುಗಿಸಿ ಹೊರಟ ಇಥಾಕಾದ ರಾಜ ಒಡಿಸ್ಯೂಸ್ ತನ್ನ ಜೊತೆಗಾರರನ್ನು ಊರು ಮುಟ್ಟಿಸಲು ಹೆಣಗಿದ, ಆದರೆ ಆ ಮೂಢರು ಸೂರ್ಯದೇವ ಹೀಲಿಯಾಸ್‌ನ ದನಗಳನ್ನು ತಿಂದು ಕೈಯಾರೆ ಸತ್ತರು ಎಂದು ಮೊದಲ ಹತ್ತು ಸಾಲಿನೊಳಗೇ ಕವಿ ಹೇಳಿಬಿಡುತ್ತಾನೆ. ಇದನ್ನು ಹಾಗೇ ಒಪ್ಪಿಕೊಂಡವರಿಗೆ ಉಳಿದ ಹನ್ನೆರಡು ಸಾವಿರ ಸಾಲು ಒಳ್ಳೆಯ ಸಾಹಸಕಥೆಯಾಗಿ ಮುಗಿಯುತ್ತದೆ. ನಾನು ಒಪ್ಪಿಕೊಳ್ಳದೆ, ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ತಲೆ ಎಣಿಸುತ್ತಾ ಓದುತ್ತೇನೆ. ಅಕ್ಷೌಹಿಣಿಗಳ ಲೆಕ್ಕ ಕೇಳಿ ಬೆಳೆದ ನಮಗೆ ಕಾವ್ಯದ ಅಂಕಿಗಳೆಂದರೆ ಬರೀ ಅಲಂಕಾರ ಅನ್ನಿಸಬಹುದು. ಇಲ್ಲಿ ಹಾಗಲ್ಲ, ಅಂಕಿಗಳು ಕೂಡಿಬರುತ್ತವೆ.

ಹಾಳೆಯಲ್ಲಿ ಐದು ಕಾಲಂ: ಜಾಗ, ಉಳಿದ ಹಡಗು, ಸತ್ತವರು, ಹೇಳುತ್ತಿರುವವರು ಯಾರು, ನಾಯಕನಿಗೆ ಗೊತ್ತಿದ್ದು ಜೊತೆಗಾರರಿಗೆ ಗೊತ್ತಿಲ್ಲದ್ದು ಏನು. ಕೊನೆಯ ಕಾಲಂ ಅತಿ ಮುಖ್ಯ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಸಂಧಿ ಮತ್ತು ಸಾಲಿನ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಇಂಗ್ಲಿಷ್ ಅನುವಾದಗಳಲ್ಲಿ ಎಮಿಲಿ ವಿಲ್ಸನ್ (2017) ಗ್ರೀಕ್ ಮೂಲದಷ್ಟೇ ಸಾಲುಗಳನ್ನು ಇಟ್ಟುಕೊಂಡಿದ್ದಾರೆ, ಹಾಗಾಗಿ ಅದರ ಸಂಖ್ಯೆಗಳು ಬೇರೆ ಟಿಪ್ಪಣಿಗಳೊಂದಿಗೆ ಹೊಂದುತ್ತವೆ. ರಾಬರ್ಟ್ ಫೇಗಲ್ಸ್ (1996) ಅನುವಾದಕ್ಕೆ ತನ್ನದೇ ಸಾಲೆಣಿಕೆ ಇದೆ. ಎರಡನ್ನೂ ಬೆರೆಸಿದರೆ ಹಾಳೆ ಕೆಟ್ಟಿತು ಅಂತಲೇ ಲೆಕ್ಕ.

ಓದುವಾಗ ಕಾವ್ಯದ ಕ್ರಮ ಬದಲಿಸುವುದಿಲ್ಲ. ಹಾಳೆ ತುಂಬುವುದು ಮಾತ್ರ ಘಟನೆ ನಡೆದ ಕ್ರಮದಲ್ಲಿ: 9, 10, 11, 12ನೇ ಸಂಧಿ ಮೊದಲು, ಅದರ ಹಿಂದೆ 5ರಿಂದ 8, ಆಮೇಲೆ 13ರಿಂದ ಕೊನೆವರೆಗೆ. ಮೊದಲ ನಾಲ್ಕು ಸಂಧಿ ಮಗ ಟೆಲಿಮಾಕಸ್‌ನವು. ಅವಕ್ಕೆ ಬೇರೆ ಹಾಳೆ ಸಾಕು.

ಈಗ ಎಣಿಕೆ. ಟ್ರಾಯ್‌ನಿಂದ ಹೊರಟ ಹಡಗು 12. ಕಿಕೋನರೆಂಬ ಜನರ ಊರನ್ನು ಕೊಳ್ಳೆ ಹೊಡೆದು ಅಲ್ಲೇ ಕುಡಿಯುತ್ತಾ ಕೂತಾಗ ಹಡಗಿಗೆ 6 ಜನರಂತೆ 72 ಸಾವು. ತಾವರೆ ತಿನ್ನುವವರ ನಾಡಿಗೆ ಹೋಗಿ, ಅದನ್ನು ತಿಂದು ಊರು ಮರೆತ 3 ಜನರನ್ನು ಅಳುತ್ತಿದ್ದರೂ ಎಳೆದು ತಂದದ್ದಾಯಿತು, ನಷ್ಟ ಸೊನ್ನೆ. ಸೈಕ್ಲಾಪ್ಸ್, ಅಂದರೆ ಒಕ್ಕಣ್ಣ ದೈತ್ಯ, ಪಾಲಿಫೀಮಸ್‌ನ ಗವಿಗೆ ಹೋದದ್ದು ನಾಯಕ ಮತ್ತು 12 ಜನ. ಅವನು ತಿಂದದ್ದು ಸಂಜೆ ಇಬ್ಬರು, ಬೆಳಿಗ್ಗೆ ಇಬ್ಬರು, ಮರುಸಂಜೆ ಇಬ್ಬರು, ಒಟ್ಟು 6. ಎಲ್ಲರೂ ಎಡವುವುದು ಇಲ್ಲಿಯೇ. ಈ ಆರು ಜನರನ್ನು ಹನ್ನೆರಡು ಹಡಗಿಗೆ ಹಂಚಬಾರದು. ಉಳಿದ ಹನ್ನೊಂದು ಹಡಗು ಎದುರಿನ ಮೇಕೆಗಳ ದ್ವೀಪದಲ್ಲೇ ನಿಂತಿದ್ದವು, ಸತ್ತವರೆಲ್ಲ ನಾಯಕನ ಹಡಗಿನವರು.

ನರಭಕ್ಷಕ ದೈತ್ಯರಾದ ಲೆಸ್ಟ್ರಿಗೋನಿಯನ್ನರ ಬಂದರಿನಲ್ಲಿ 11 ಹಡಗು ಜನಸಮೇತ ಹೋದವು. ಅದಕ್ಕೂ ಮುಂಚೆ ವಿಚಾರಿಸಲು ಹೋದ ಮೂವರಲ್ಲಿ ಒಬ್ಬನನ್ನು ಅವರ ರಾಜ ತಿಂದಿದ್ದ. ಮುಂದೆ ಮಾಟಗಾತಿ ಕಿರ್ಕೆಯ ದ್ವೀಪದಲ್ಲಿ ನಾಯಕ ಉಳಿದವರನ್ನು ಎರಡು ಗುಂಪು ಮಾಡುತ್ತಾನೆ. ಜೊತೆಗಾರ ಯೂರಿಲೋಕಸ್ 22 ಜನರೊಂದಿಗೆ ಹೊರಡುತ್ತಾನೆ (10.208, ಅಂದರೆ 10ನೇ ಸಂಧಿಯ 208ನೇ ಸಾಲು). ಅಂದರೆ ಅವನೂ ಸೇರಿ 23; ಇನ್ನೊಂದು ಗುಂಪೂ ಅಷ್ಟೇ ಅಂತ ಹಿಡಿದರೆ ಒಡಿಸ್ಯೂಸ್ ಸೇರಿ ಒಟ್ಟು 46. ಕಿರ್ಕೆಯ ಮಾಟಕ್ಕೆ ಹಂದಿಗಳಾದವರು ಮರಳಿ ಮನುಷ್ಯರಾಗುತ್ತಾರೆ, ಅವರನ್ನು ಕಳೆಯಬೇಡಿ. ಕುಡಿದು ಮಾಳಿಗೆಯಿಂದ ಬಿದ್ದ ಎಲ್ಪೆನಾರ್ 1, ಕಡಲ ರಾಕ್ಷಸಿ ಸ್ಕಿಲ್ಲಾ ಎತ್ತಿಕೊಂಡದ್ದು 6. ಹೀಲಿಯಾಸ್‌ನ ದನಗಳಿದ್ದ ತ್ರಿನಾಕಿಯಾ ದ್ವೀಪದಲ್ಲಿ ದನ ತಿಂದು ಸಿಡಿಲಿಗೆ ಸತ್ತವರು, ನಾಯಕನನ್ನು ಬಿಟ್ಟರೆ, ಹಾಗಾದರೆ 38.

ಇದೇ ಹಡಗನ್ನು ಹಿಮ್ಮುಖವಾಗಿ ಎಣಿಸಿ: 46ಕ್ಕೆ 1 (ರಾಜ ತಿಂದವನು), 6 (ಗವಿಯಲ್ಲಿ), 6 (ಕಿಕೋನರಲ್ಲಿ) ಕೂಡಿಸಿದರೆ ಹೊರಡುವಾಗ 59. ಬೇರೆ ಹಡಗುಗಳಲ್ಲೂ ಅಷ್ಟೇ ಜನ ಎಂಬುದು ನನ್ನ ಊಹೆ, ಕವಿ ಹೇಳಿಲ್ಲ. ಆ ಊಹೆಯ ಮೇಲೆ ಕಿಕೋನರಲ್ಲಿ ಸತ್ತ ಆರಾರು ಜನರನ್ನು ಕಳೆದರೆ, ಲೆಸ್ಟ್ರಿಗೋನಿಯನ್ನರ ಬಂದರಿನಲ್ಲಿ ಮುಳುಗಿದವರು 11 ಸಲ 53, ಅಂದರೆ 583. ನಾಯಕನನ್ನು ಬಿಟ್ಟು ಸತ್ತವರು ಒಟ್ಟು 707. ದನ ತಿಂದು ಸತ್ತ 38 ಜನ ಅದರಲ್ಲಿ ನೂರಕ್ಕೆ ಐದರ ಮೇಲೆ ಸ್ವಲ್ಪ. ಕಾವ್ಯದ ಮೊದಲ ಹತ್ತು ಸಾಲು ಉಳಿದ ತೊಂಬತ್ತನಾಲ್ಕು ಪಾಲಿನ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಇನ್ನು ಐದನೆಯ ಕಾಲಂ. ಒಡಿಸ್ಯೂಸ್‌ನ ದೋಷ ಅಹಂಕಾರ ಎಂದು ಎಲ್ಲರೂ ಬರೆಯುತ್ತಾರೆ, ಅದು ಅರ್ಧ ಮಾತ್ರ. ಈ ಕಾಲಂ ತುಂಬಿದಂತೆ ಕಾಣುವುದು ಅವನ ಬಾಯಿ ಬಿಡದ ಗುಣ. ಗಾಳಿಯ ಒಡೆಯ ಇಯೋಲಸ್ ಎದುರುಗಾಳಿಗಳನ್ನು ಕಟ್ಟಿ ಕೊಟ್ಟ ಚೀಲದಲ್ಲಿ ಏನಿದೆ ಎಂದು ಅವನು ಹೇಳಲಿಲ್ಲ. ಒಂಬತ್ತು ದಿನ ಹಾಯಿಯ ಹಗ್ಗವನ್ನೂ ಯಾರ ಕೈಗೂ ಕೊಡಲಿಲ್ಲ. ಹತ್ತನೆಯ ದಿನ ಇಥಾಕಾದ ಬೆಂಕಿ ಹಚ್ಚುವವರು ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದಾಗ ದಣಿದು ನಿದ್ದೆ ಹೋದ. ಬಂಗಾರವಿದೆ ಎಂದು ಜೊತೆಗಾರರು ಚೀಲ ಬಿಚ್ಚಿದರು, ಗಾಳಿ ನುಗ್ಗಿ ಹಡಗುಗಳನ್ನು ಹಿಂದಕ್ಕೆ ಹೊತ್ತೊಯ್ದಿತು. ಲೆಸ್ಟ್ರಿಗೋನಿಯನ್ನರಲ್ಲಿ ಹನ್ನೊಂದು ಹಡಗು ಇಕ್ಕಟ್ಟಾದ ಬಂದರಿನೊಳಗೆ ಸಾಲಾಗಿ ನಿಂತರೆ ಅವನೊಬ್ಬ ತನ್ನದನ್ನು ಹೊರಗಿನ ಬಂಡೆಗೆ ಕಟ್ಟುತ್ತಾನೆ (10.95), ಕಾರಣ ಹೇಳುವುದಿಲ್ಲ. ಹಗ್ಗ ಕಡಿದು ಪಾರಾದದ್ದು ಅದೊಂದೇ. ಸ್ಕಿಲ್ಲಾ ಆರು ಜನರನ್ನು ತಿನ್ನುತ್ತಾಳೆಂದು ಕಿರ್ಕೆ ಮೊದಲೇ ಹೇಳಿದ್ದಳು. ಹುಟ್ಟು ಬಿಟ್ಟು ಒಳಗೆ ಅವಿತುಕೊಂಡಾರೆಂದು ಅದನ್ನೂ ಮುಚ್ಚಿಟ್ಟ. ತ್ರಿನಾಕಿಯಾದಲ್ಲಿ ಮಾತ್ರ ಎಲ್ಲ ಹೇಳಿದ, ದನ ಮುಟ್ಟುವುದಿಲ್ಲ ಎಂದು ಆಣೆಯನ್ನೂ ಹಾಕಿಸಿದ. ಅಲ್ಲಿ ಒಂದು ತಿಂಗಳು ಎದುರುಗಾಳಿ, ಊಟ ಖಾಲಿ, ಅವನಿಗೆ ಮತ್ತೆ ನಿದ್ದೆ. ಕವಿ ತೀರ್ಪಿಗೆ ಆರಿಸಿಕೊಂಡದ್ದು ನಾಯಕನ ಕೈ ಶುದ್ಧವಾಗಿದ್ದ ಈ ಪ್ರಸಂಗವನ್ನು.

ಅಹಂಕಾರದ ಅರ್ಧ ಇರುವುದು 9ನೇ ಸಂಧಿಯಲ್ಲಿ. ಚೀಸು, ಮರಿಗಳನ್ನು ತಗೊಂಡು ಹೊರಟುಬಿಡೋಣ ಎಂದು ಜೊತೆಗಾರರು ಬೇಡುತ್ತಾರೆ; ಅತಿಥಿಗೆ ಏನು ಉಡುಗೊರೆ ಸಿಗುತ್ತದೋ ನೋಡಬೇಕೆಂದು ಇವನು ಗವಿಯಲ್ಲೇ ಕೂರುತ್ತಾನೆ. ಪಾರಾದ ಮೇಲೆ, ಅವರು ತಡೆದರೂ ಕೇಳದೆ, ಹೆಸರು, ತಂದೆಯ ಹೆಸರು, ಊರು ಮೂರನ್ನೂ ಕೂಗಿ ಹೇಳುತ್ತಾನೆ. ಅವನೇ ಕಣ್ಣು ಚುಚ್ಚಿ ಕುರುಡು ಮಾಡಿದ್ದ ಪಾಲಿಫೀಮಸ್ ಅದೇ ವಿಳಾಸ ಹಿಡಿದು ತಂದೆ, ಕಡಲದೇವ ಪೊಸೈಡಾನ್‌ಗೆ ಮೊರೆಯಿಡುತ್ತಾನೆ. ಆ ಶಾಪವನ್ನು (9.532ರಿಂದ) ಐದು ತುಂಡು ಮಾಡಿ ಹಾಳೆಯ ಹಿಂಬದಿ ಬರೆದುಕೊಳ್ಳಿ: ತಡವಾಗಿ ಬರಲಿ, ಹೀನಾಯವಾಗಿ ಬರಲಿ, ಜೊತೆಗಾರರನ್ನೆಲ್ಲ ಕಳೆದುಕೊಂಡು ಬರಲಿ, ಬೇರೆಯವರ ಹಡಗಿನಲ್ಲಿ ಬರಲಿ, ಮನೆಯಲ್ಲಿ ಸಂಕಟ ಕಾದಿರಲಿ. 11ನೇ ಸಂಧಿಯಲ್ಲಿ ಸತ್ತವರ ಲೋಕದ ಕಣಿಗಾರ ಟೈರೀಸಿಯಸ್ ಹೆಚ್ಚುಕಡಿಮೆ ಇದೇ ಮಾತುಗಳನ್ನು ಭವಿಷ್ಯವಾಗಿ ಹೇಳುತ್ತಾನೆ. ಒಂದೊಂದೂ ಫಲಿಸಿದ ಕಡೆ ಗುರುತು ಹಾಕುತ್ತಾ ಹೋದರೆ 13ನೇ ಸಂಧಿಯಲ್ಲಿ ಅವನನ್ನು ಊರು ಮುಟ್ಟಿಸುವ ಫಿಯೇಶಿಯನ್ನರೆಂಬ ನಾವಿಕ ಜನ ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಮರಳಿನ ಮೇಲೆ ಮಲಗಿಸುವಷ್ಟರಲ್ಲಿ ನಾಲ್ಕು ಮುಗಿದಿರುತ್ತವೆ. ಐದನೆಯದು 108 ಜನ: ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗಲು ಬಂದು ಮನೆ ಮೇಯುತ್ತಿರುವವರು. ಡುಲಿಕಿಯಂನಿಂದ 52, ಸಾಮೆಯಿಂದ 24, ಜಾಸಿಂಥಸ್‌ನಿಂದ 20, ಇಥಾಕಾದವರೇ 12.

ಯಾರು ಹೇಳುತ್ತಿದ್ದಾರೆ ಎಂಬ ಕಾಲಂ ಬಿಟ್ಟವರು ಮೋಸ ಹೋಗುತ್ತಾರೆ. 9ರಿಂದ 12ರವರೆಗೆ ಹೇಳುವವನು ಒಡಿಸ್ಯೂಸನೇ, ಕೇಳುವವರು ಅವನಿಗೆ ಹಡಗು ಕೊಡಬೇಕಾದ ಫಿಯೇಶಿಯನ್ನರು. ಪಾಲಿಫೀಮಸ್ ಕುರುಡಾದದ್ದಕ್ಕೆ ಮೊದಲ ಸಂಧಿಯಲ್ಲಿ ದೇವರಾಜ ಜ್ಯೂಸ್‌ನ ಮಾತೇ ಸಾಕ್ಷಿ, ದನದ ಪ್ರಸಂಗಕ್ಕೆ ಕವಿಯ ಸಾಕ್ಷಿ. ಆ ಹನ್ನೊಂದು ಹಡಗಿನ ವಿವರಕ್ಕೆ ಒಡಿಸ್ಯೂಸ್‌ನ ಬಾಯಿಮಾತು ಬಿಟ್ಟು ಬೇರೇನೂ ಇಲ್ಲ. ಇಥಾಕಾ ಮುಟ್ಟಿದ ಮೇಲೆ ಅವನು ಕಟ್ಟುವ ಸುಳ್ಳುಗಳನ್ನೂ ಪಕ್ಕಕ್ಕಿಟ್ಟು ನೋಡಬೇಕು: 13ರಲ್ಲಿ ದೇವತೆ ಅಥೀನಾಗೆ, 14ರಲ್ಲಿ ಹಂದಿ ಕಾಯುವ ಯುಮೇಯಸ್‌ಗೆ, 17ರಲ್ಲಿ ಮದುವೆಗೆ ಬಂದವರ ಮುಂದಾಳು ಆಂಟಿನೋಸ್‌ಗೆ, 19ರಲ್ಲಿ ಪೆನೆಲೊಪಿಗೆ, 24ರಲ್ಲಿ ಮುದಿ ತಂದೆಗೆ. 14 ಮತ್ತು 17ರಲ್ಲಿ ಈಜಿಪ್ಟಿನ ಹೊಲಗಳನ್ನು ಕೊಳ್ಳೆ ಹೊಡೆದ ಕಥೆ ಬರುತ್ತದೆ: ನಾನು ಬೇಡ ಅಂದೆ, ನನ್ನವರು ಕೇಳಲಿಲ್ಲ, ಊರಿನವರು ಬಂದು ಕೊಂದರು. ಕಿಕೋನರ ಪ್ರಸಂಗದ ಅಚ್ಚೇ ಇದು. ಒಂದು ನಿಜ, ಇನ್ನೊಂದು ಸುಳ್ಳು ಎಂದು ನಮಗೆ ಹೇಳಿಕೊಟ್ಟದ್ದು ಕಥೆಯ ಜಾಗವೇ ಹೊರತು ಕಥೆಯ ಒಳಗಿನ ಯಾವ ಗುರುತೂ ಅಲ್ಲ. 23ರಲ್ಲಿ ಹೆಂಡತಿಗೆ ಎಲ್ಲ ಒಪ್ಪಿಸುವಾಗ ಕಿರ್ಕೆಯ ಜೊತೆ ಕಳೆದ ಪೂರ್ತಿ ವರ್ಷ ಅವಳ ‘ಕುತಂತ್ರ’ ಎಂಬಷ್ಟಕ್ಕೆ ಕುಗ್ಗುತ್ತದೆ. ಆ ವರ್ಷ ಊರಿನ ನೆನಪು ಮಾಡಿ ಎಬ್ಬಿಸಿದವರು ಜೊತೆಗಾರರು.

ಹಾಳೆಯನ್ನು 23ಕ್ಕೇ ನಿಲ್ಲಿಸುವವರಿದ್ದಾರೆ, ಗಂಡಹೆಂಡಿರು ಒಂದಾದರಲ್ಲ ಎಂದು. ಕೊನೆಯ ಸಂಧಿಯ ಪಂಚಾಯ್ತಿ ಬಿಡಬಾರದು. ಅಷ್ಟರಲ್ಲಿ ಒಡಿಸ್ಯೂಸ್ ಮದುವೆಗೆ ಬಂದವರನ್ನೆಲ್ಲ ಕೊಂದಿರುತ್ತಾನೆ; ಸತ್ತ ಆಂಟಿನೋಸ್‌ನ ತಂದೆ ಯುಪೀಥೀಸ್ ಅಲ್ಲಿ ಎದ್ದು ನಿಂತು ಇದೇ ಲೆಕ್ಕ ಓದುತ್ತಾನೆ: ಹಡಗುಗಳನ್ನೂ ಜನರನ್ನೂ ಕರೆದೊಯ್ದು ಕಳೆದ, ಬಂದು ಉಳಿದವರನ್ನು ಕೊಂದ (24.426ರಿಂದ). ಉತ್ತರ ಕೊಡುವ ಇಬ್ಬರಲ್ಲಿ ಒಬ್ಬ ಒಡಿಸ್ಯೂಸ್‌ನ ಪಕ್ಕ ದೇವರು ನಿಂತಿದ್ದನ್ನು ಕಂಡೆ ಎನ್ನುತ್ತಾನೆ, ಇನ್ನೊಬ್ಬ ಮಕ್ಕಳನ್ನು ತಡೆಯದ ತಪ್ಪು ನಿಮ್ಮದೇ ಎನ್ನುತ್ತಾನೆ. ಹಡಗಿನ ಲೆಕ್ಕ ತಪ್ಪು ಎಂದು ಇಬ್ಬರೂ ಹೇಳುವುದಿಲ್ಲ. ಸಭೆಯ ಅರ್ಧಕ್ಕಿಂತ ಹೆಚ್ಚು ಜನ ಆಯುಧ ಹಿಡಿದು ಯುಪೀಥೀಸ್‌ನ ಹಿಂದೆ ಹೊರಡುತ್ತಾರೆ. ಒಡಿಸ್ಯೂಸ್‌ನ ಮುದಿ ತಂದೆ ಲೇರ್ಟೀಸ್‌ನ ಈಟಿಗೆ ಅವನು ಬೀಳುತ್ತಾನೆ. ಅಥೀನಾ ನಡುವೆ ಬಂದು ಕಾಳಗ ನಿಲ್ಲಿಸುವ ಮುಂಚೆ, ಹಾಳೆಗೆ ಸೇರಿಸಬೇಕಾದ ಕೊನೆಯ ಹೆಸರು ಅವನದು.