ದೂರದ ಸಂಗೀತೋತ್ಸವಕ್ಕೆ ಕಾರಲ್ಲಿ ಹೊರಡುವ ಮುನ್ನ: ಲೆಕ್ಕ ವಾಪಸಾತಿಯಿಂದ ಶುರುವಾಗಲಿ

ಸಾವಿರಾರು ಕಿಲೋಮೀಟರ್ ಆಚೆಗಿನ ಸಂಗೀತೋತ್ಸವಕ್ಕೆ ಕಾರಲ್ಲಿ ಹೊರಡುವವರು ಹೋಗುವ ದಾರಿಯನ್ನು ಎಷ್ಟೋ ಸಲ ನಕ್ಷೆಯಲ್ಲಿ ನೋಡಿರುತ್ತಾರೆ. ಬರುವ ದಾರಿಯ ಬಗ್ಗೆ ಯೋಚಿಸುವವರು ಕಡಿಮೆ. ಹೋಗುವಾಗ ಮೈಯಲ್ಲಿ ಹುರುಪಿರುತ್ತದೆ, ಕಾರು ಆಗಷ್ಟೇ ಸರ್ವಿಸ್ ಆಗಿರುತ್ತದೆ. ಬರುವಾಗ ಮೂರು ರಾತ್ರಿಯ ನಿದ್ದೆ ಬಾಕಿ ಇರುತ್ತದೆ, ನಿಂತೂ ನಿಂತೂ ಕಾಲು ಸೋತಿರುತ್ತದೆ, ಮನಸ್ಸೆಲ್ಲ ಬಾಕಿ ಕೆಲಸದ ಮೇಲಿರುತ್ತದೆ. ಅಪಾಯ ಹೆಚ್ಚಿರುವುದು ಈ ದಾರಿಯಲ್ಲೇ. ಹಾಗಾಗಿ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದ್ದು ಮನೆ ಮುಟ್ಟುವ ದಿನಕ್ಕೆ.

ದಿನಗಳ ಲೆಕ್ಕ

ದಾರಿ 1,500 ಕಿ.ಮೀ. ಇದೆ, ನಕ್ಷೆಯ ಆ್ಯಪ್ 18 ಗಂಟೆ ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಊಟ, ಇಂಧನ, ಶೌಚಾಲಯ, ವಿಶ್ರಾಂತಿ ಯಾವುದೂ ಸೇರಿಲ್ಲ. ಅದಕ್ಕೆ ಕಾಲು ಭಾಗ ಕೂಡಿಸಿದರೆ 22 ಗಂಟೆ ದಾಟುತ್ತದೆ. ಒಬ್ಬರೇ ಓಡಿಸುವುದಾದರೆ ಇದು ಮೂರು ದಿನದ ದಾರಿ: ಮೊದಲ ದಿನ 600, ಎರಡನೇ ದಿನ 550, ಮೂರನೇ ದಿನ 350. ಕೊನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟುಕೊಳ್ಳಿ. ಬೆಳಕಿರುವಾಗಲೇ ತಲುಪಿದರೆ ಡೇರೆ ಹಾಕಲು ಗಟ್ಟಿ ನೆಲ ಯಾವುದು, ನೀರು ನಿಲ್ಲುವ ತಗ್ಗು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಕತ್ತಲಲ್ಲಿ ಹೋದವರಿಗೆ ಸಿಗುವುದು ಬೇರೆಯವರು ಬಿಟ್ಟ ಜಾಗ.

ವಾಪಸಾತಿಗೆ ನಾಲ್ಕು ದಿನ ಕೊಡಿ. ಉತ್ಸವ ಭಾನುವಾರ ರಾತ್ರಿ ಮುಗಿಯುವುದಾದರೆ ಸೋಮವಾರ ಮಧ್ಯಾಹ್ನ ಹೊರಟು, 250 ಕಿ.ಮೀ. ಸಾಗಿ, ಹಾಸಿಗೆ ಇರುವ ಕೋಣೆಯಲ್ಲಿ ಮಲಗಿ. ಆ ಕೋಣೆಯನ್ನು ಮೊದಲೇ ಕಾಯ್ದಿರಿಸಿ. ಉಳಿದ ದೂರವನ್ನು ಮೂರು ದಿನಕ್ಕೆ ಹಂಚಿಕೊಳ್ಳಿ. ಶುಕ್ರವಾರ ಶುರುವಾಗುವ ಉತ್ಸವಕ್ಕೆ ಹೀಗೆ ಒಟ್ಟು ಹತ್ತು ದಿನ ಬೇಕಾಗುತ್ತದೆ. ಅಷ್ಟು ರಜೆ ಸಿಗದಿದ್ದರೆ ಇನ್ನೊಬ್ಬ ಚಾಲಕರನ್ನು ಜೊತೆಗೆ ಕರೆದುಕೊಳ್ಳಿ, ನಿದ್ದೆಗೆ ಮಾತ್ರ ಕತ್ತರಿ ಹಾಕಬೇಡಿ. ಆ ಇನ್ನೊಬ್ಬರ ಹೆಸರು ಕಾರಿನ ವಿಮೆಯಲ್ಲಿ ಸೇರಬೇಕೇ ಎಂದು ಕೇಳಿಕೊಳ್ಳಿ. ಬಾಡಿಗೆ ಕಾರಾದರೆ ಇದು ಇನ್ನೂ ಮುಖ್ಯ. ದಾರಿಯಲ್ಲಿ ಕಾಲವಲಯ ಬದಲಾಗುವಂತಿದ್ದರೆ ಗೇಟು ತೆರೆಯುವ, ಮುಚ್ಚುವ ಹೊತ್ತನ್ನು ಅಲ್ಲಿನ ಗಡಿಯಾರದ ಪ್ರಕಾರ ಬರೆದಿಟ್ಟುಕೊಳ್ಳಿ.

ನಿದ್ದೆ

ದೇಹದ ಒಳಗಡಿಯಾರ ದಿನಕ್ಕೆರಡು ಸಲ ನಿದ್ದೆಗೆ ಜಗ್ಗುತ್ತದೆ. ನಸುಕಿನ 2ರಿಂದ 6ರವರೆಗೆ ಜೋರಾಗಿ, ಮಧ್ಯಾಹ್ನ 2ರಿಂದ 4ರವರೆಗೆ ಸ್ವಲ್ಪ ಮೆಲ್ಲಗೆ. ರಾತ್ರಿ ಚೆನ್ನಾಗಿ ಮಲಗಿದ್ದರೂ ಮಧ್ಯಾಹ್ನ ಕಣ್ಣು ಎಳೆಯುವುದು ಇದರಿಂದಲೇ. ಊಟದ ಭಾರ ಮಾತ್ರ ಕಾರಣವಲ್ಲ. ಆ ಹೊತ್ತಿಗೆ ಸರಿಯಾಗಿ ದೊಡ್ಡ ನಿಲುಗಡೆಯೊಂದು ಬೀಳುವಂತೆ ದಿನವನ್ನು ಜೋಡಿಸಿ. ಬೆಳಗ್ಗೆ 6ಕ್ಕೆ ಹೊರಟು ಸಂಜೆಯೊಳಗೆ ದಿನದ ದೂರ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ‘ರಾತ್ರಿ ರಸ್ತೆ ಖಾಲಿ ಇರುತ್ತೆ’ ಎಂಬ ಮಾತು ನಿಜ, ಆದರೆ ಖಾಲಿ ನೇರ ರಸ್ತೆಯಷ್ಟು ಚೆನ್ನಾಗಿ ಜೋಗುಳ ಹಾಡುವುದು ಇನ್ನೊಂದಿಲ್ಲ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡ್ ಜೊಂಪು ಹತ್ತಿದರೆ 110 ಮೀಟರ್ ದೂರ ಕಾರಿಗೆ ಚಾಲಕರೇ ಇರುವುದಿಲ್ಲ. ಅದು ಬರುವ ಮುನ್ನ ಸೂಚನೆ ಕೊಡುತ್ತದೆ: ಆಕಳಿಕೆ ನಿಲ್ಲುವುದಿಲ್ಲ, ಕಾರು ಲೇನಿನ ಗೆರೆ ಮುಟ್ಟಿ ಬರುತ್ತದೆ, ಕಳೆದ ಐದು ಕಿಲೋಮೀಟರಿನಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ನೆನಪಿರುವುದಿಲ್ಲ. ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ತಕ್ಷಣ 15–20 ನಿಮಿಷದ ಅಲಾರಂ ಇಟ್ಟು ಕಣ್ಣುಮುಚ್ಚಿ. ಕೆಫೀನ್ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ನೀವು ಏಳುವುದಕ್ಕೂ ಅದು ಕೆಲಸ ಶುರುಮಾಡುವುದಕ್ಕೂ ಸರಿಹೋಗುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಮಲಗಿದರೆ ಎದ್ದಾಗ ಮಂಪರು ಇರುತ್ತದೆ. ಮುಖ ತೊಳೆದು, ಹತ್ತು ಹದಿನೈದು ನಿಮಿಷ ಓಡಾಡಿದ ಮೇಲೆಯೇ ಸ್ಟಿಯರಿಂಗ್ ಹಿಡಿಯಿರಿ. ಇದು ಆ ಹೊತ್ತಿನ ಪರಿಹಾರ ಅಷ್ಟೆ, ಇಡೀ ರಾತ್ರಿಯ ನಿದ್ದೆಗೆ ಬದಲಿಯಲ್ಲ. ಮಾಮೂಲಿ ದಿನದಲ್ಲೂ ಎರಡು ಗಂಟೆಗೊಮ್ಮೆ ಕಾಲು ನೆಲಕ್ಕೆ ತಾಗಲಿ.

ಟೈರ್, ಬ್ಯಾಟರಿ, ದ್ರವಗಳು

ಸರ್ವಿಸ್ ಮಾಡಿಸುವುದಾದರೆ ಹೊರಡಲು ಎರಡು ವಾರ ಇರುವಾಗಲೇ ಮಾಡಿಸಿ. ಹಿಂದಿನ ದಿನ ಮಾಡಿಸಿದರೆ ಸಡಿಲ ಬಿಟ್ಟ ಬೋಲ್ಟೋ ಸರಿಯಾಗಿ ಕೂರದ ಫಿಲ್ಟರೋ ಗೊತ್ತಾಗುವುದು ಹೆದ್ದಾರಿಯಲ್ಲಿ.

ಟೈರಿನ ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ. ಚಾಲಕರ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಸಾಮಾನ್ಯವಾಗಿ ಗಾಳಿಯೊತ್ತಡದ ಎರಡು ಅಂಕಿಗಳಿರುತ್ತವೆ: ಇಬ್ಬರಿಗೆ ಒಂದು, ಪೂರ್ತಿ ಹೊರೆಗೆ ಇನ್ನೊಂದು. ನಾಲ್ಕು ಜನ, ಡೇರೆ, ನೀರು ಎಲ್ಲ ತುಂಬಿದ ಕಾರಿಗೆ ಎರಡನೇ ಅಂಕಿಯ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಹೊರೆ, ವೇಗ, ಬಿಸಿಲು ಸೇರಿದರೆ ಸಿಡಿಯುತ್ತದೆ. ಅಳೆಯುವುದು ಬೆಳಗ್ಗೆ, ಟೈರು ತಣ್ಣಗಿರುವಾಗ. ಓಡಿದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ (ಗಾಳಿಯೊತ್ತಡದ ಅಳತೆ) ಹೆಚ್ಚು ಕಾಣುವುದು ಸಹಜ; ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ. ಎಳೆಯ, ಅಂದರೆ ಟೈರು ನೆಲಕ್ಕೆ ತಾಗುವ ಮೈಮೇಲಿನ ಗೀರುಗಳ, ಆಳ 1.6 ಮಿ.ಮೀ. ಮುಟ್ಟಿದರೆ ಬಹಳ ದೇಶಗಳಲ್ಲಿ ಕಾನೂನಿನ ಕೊನೆ. ಆದರೆ ಒದ್ದೆ ರಸ್ತೆಯ ಹಿಡಿತ 3 ಮಿ.ಮೀ. ಕೆಳಗೇ ಬೇಗ ಕುಸಿಯುತ್ತದೆ, ಹಾಗಾಗಿ ದೂರದ ದಾರಿಗೆ 3ನ್ನೇ ಗಡಿ ಮಾಡಿಕೊಳ್ಳಿ. ಪಕ್ಕೆಯ ಮೇಲಿನ ನಾಲ್ಕಂಕಿ ಸಂಖ್ಯೆ ಟೈರಿನ ಹುಟ್ಟಿದ ದಿನ: 3419 ಎಂದರೆ 2019ರ 34ನೇ ವಾರ. ಎಳೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ್ದರೆ ಬಿರುಕು ಬಿಟ್ಟಿದೆಯೇ ಎಂದು ತೋರಿಸಿ. ಸ್ಟೆಪ್ನಿಯ ಗಾಳಿಯನ್ನು ಮರೆಯುವವರೇ ಹೆಚ್ಚು. ತೆಳು ಸ್ಟೆಪ್ನಿಯಾದರೆ ಅದರ ಮೇಲೆ ಬರೆದಿರುವ ವೇಗಮಿತಿ ನೋಡಿ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.; ಅದರಲ್ಲಿ ಉತ್ಸವದ ತನಕ ಹೋಗುವಂತಿಲ್ಲ, ಪಂಕ್ಚರ್ ಹಾಕಿಸುವ ತನಕ ಮಾತ್ರ.

ಎಂಜಿನ್ ಆರಿಸಿ ರಾತ್ರಿಯಿಡೀ ಬಿಟ್ಟ ಮೇಲೆ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು. 12.2 ಎಂದರೆ ಅರ್ಧವೇ ಉಳಿದಿದೆ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಹೊರಡುವ ಮುನ್ನ ಪರೀಕ್ಷಿಸಿ. ಮೂರು ದಿನ ಬಾಗಿಲು ತೆಗೆದು ಹಾಕಿ, ದೀಪ ಉರಿಸಿ, ಫೋನ್ ಚಾರ್ಜ್ ಮಾಡಿದ ಮೇಲೆ ಕೈಕೊಡುವುದು ಇದೇ. ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ತಣ್ಣಗಿರುವಾಗ ನೋಡಿ, ಬಿಸಿಯಾದ ಮುಚ್ಚಳ ತೆಗೆಯಬೇಡಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ವೈಪರಿನ ರಬ್ಬರ್ ನೋಡಲು ಹತ್ತು ನಿಮಿಷ ಸಾಕು.

ಸಾಮಾನು

ಭಾರದ್ದು ಕೆಳಗೆ, ಹಿಂಬದಿ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ: ನೀರಿನ ಕ್ಯಾನ್, ಒಲೆ, ಉಪಕರಣದ ಪೆಟ್ಟಿಗೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನೂ ಬೇಡ. ಗಟ್ಟಿ ಬ್ರೇಕ್ ಹಾಕಿದಾಗ ಅದು ತಲೆಗೆ ಹಾರುತ್ತದೆ. ಛಾವಣಿಯ ಮೇಲೆ ಹೊರಿಸುವುದಾದರೆ ಕೈಪಿಡಿಯಲ್ಲಿ ಮಿತಿ ನೋಡಿ, ಕಂಬಿಗಳ ಮತ್ತು ಪೆಟ್ಟಿಗೆಯ ತೂಕವೂ ಆ ಮಿತಿಯೊಳಗೇ ಬರುತ್ತದೆ. ಹಗುರ ಮತ್ತು ಗಾತ್ರದ್ದನ್ನು, ಅಂದರೆ ಹಾಸಿಗೆ ಸುರುಳಿಯಂಥದ್ದನ್ನು, ಅಲ್ಲಿಡಿ. ಗಾಳಿಯ ತಡೆಯಿಂದ ಇಂಧನ ಹೆಚ್ಚು ಹೋಗುತ್ತದೆ. ಆದ್ದರಿಂದ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗಲೇ ತುಂಬಿಸಿ. ವಿದ್ಯುತ್ ಕಾರಾದರೆ 80 ಪ್ರತಿಶತದ ಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ, ಅಲ್ಲಿಗೇ ಬಿಡಿಸಿ ಹೊರಡುವುದು ಲಾಭ. ಉತ್ಸವಕ್ಕೆ ಮುನ್ನ ಸಿಗುವ ಕೊನೆಯ ಪಟ್ಟಣದಲ್ಲಿ ಮಾತ್ರ ಎರಡೂ ಬಗೆಯವರು ಪೂರ್ತಿ ತುಂಬಿಸಲೇಬೇಕು.

ಸಂಚಾರಿ ಪೊಲೀಸರು ಕೇಳುವ ಕಾಗದಗಳು, ಟಿಕೆಟ್, ವಾಹನ ನಿಲುಗಡೆಯ ಪಾಸ್ ಫೋನಿನಲ್ಲಿ ಮಾತ್ರ ಬೇಡ, ಮುದ್ರಿಸಿಕೊಳ್ಳಿ. ಸಾವಿರಾರು ಜನ ಒಂದೇ ಬಯಲಲ್ಲಿ ಸೇರಿದಾಗ ನೆಟ್‌ವರ್ಕ್ ಕುಸಿಯುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಎರಡು ಕೀಲಿ ಇಬ್ಬರ ಜೇಬಿನಲ್ಲಿರಲಿ.

ಬಯಲಿನ ಪಾರ್ಕಿಂಗ್

ಹುಲ್ಲು ಒಣಗಿ ಎತ್ತರ ಬೆಳೆದಿದ್ದರೆ ಅದರ ಮೇಲೆ ನಿಲ್ಲಿಸಬೇಡಿ. ಸೈಲೆನ್ಸರ್ ಮುಂದಿರುವ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೆಂಕಿ ಹೊತ್ತಿಸುವಷ್ಟು ಕಾದಿರುತ್ತದೆ. ಆಯ್ಕೆ ಸಿಕ್ಕರೆ ಎತ್ತರದ ಜಾಗ, ಗಟ್ಟಿ ದಾರಿಯ ಹತ್ತಿರ, ಮೂತಿ ಹೊರಗಡೆಗೆ. ಮೂರು ದಿನದ ಮಳೆಯಾದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಕೆಸರಿನಲ್ಲಿ ಚಕ್ರ ಗಿರ್ರನೆ ತಿರುಗಿತೆಂದರೆ ತಕ್ಷಣ ಕಾಲು ತೆಗೆಯಿರಿ. ಇನ್ನೂ ಒತ್ತಿದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸ್ಟಿಯರಿಂಗ್ ನೇರ ಇಟ್ಟು, ಎರಡನೇ ಗೇರಿನಲ್ಲಿ, ಕಾರನ್ನು ಮೆಲ್ಲಗೆ ಸರಿಸಿ. ಎಳೆಯುವ ಚಕ್ರದ ಕೆಳಗೆ ಕಾಲೊರಸು ಹಾಸಬಹುದು, ಆದರೆ ಅದು ಹಿಂದಕ್ಕೆ ಚಿಮ್ಮುವುದರಿಂದ ಅತ್ತ ಯಾರೂ ನಿಂತಿರಬಾರದು.

ಅದಕ್ಕೂ ಬಗ್ಗದಿದ್ದರೆ ಟ್ರ್ಯಾಕ್ಟರ್. ಆಗ ಬೇಕಾಗುವುದು ಎಳೆಯುವ ಕೊಂಡಿ. ಅದು ಜಾಕ್ ಇರುವ ಜಾಗದಲ್ಲೇ ಇರುವ, ಒಂದು ತುದಿಯಲ್ಲಿ ಬಳೆ, ಇನ್ನೊಂದರಲ್ಲಿ ತಿರುಪು ಇರುವ ಕಬ್ಬಿಣದ ತುಂಡು. ಬಂಪರಿನಲ್ಲಿ ಬೆರಳುದ್ದದ ಚಿಕ್ಕ ಮುಚ್ಚಳವಿರುತ್ತದೆ, ಅದರ ಒಂದು ಅಂಚನ್ನು ಒತ್ತಿ ಎಬ್ಬಿಸಿದರೆ ಒಳಗೆ ತೂತು. ಕೆಲವು ಕಾರುಗಳಲ್ಲಿ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಕೈಯಲ್ಲಿ ಪೂರ್ತಿ ತಿರುಗಿಸಿ, ಬಳೆಯೊಳಗೆ ವೀಲ್ ಸ್ಪ್ಯಾನರ್ ತೂರಿಸಿ ಗಟ್ಟಿ ಮಾಡಿ. ಅರ್ಧ ಕೂತ ಕೊಂಡಿ ಕಿತ್ತುಬಂದರೆ ಗುಂಡಿನಂತೆ ಹಾರುತ್ತದೆ. ಮನೆಯ ಮುಂದೆಯೇ ಒಮ್ಮೆ ಹಾಕಿ ತೆಗೆದು ನೋಡಿ.

ಬ್ಯಾಟರಿ ಸತ್ತರೆ ಜಂಪರ್ ವೈರಿನ ಕ್ರಮ ಹೀಗೆ: ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯದು ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಬೀಳಬೇಕು, ಅಲ್ಲಿ ಹೈಡ್ರೋಜನ್ ಅನಿಲ ಇರಬಹುದು.

ಹೊರಡುವ ಬೆಳಗು

ಕುಡಿದವರ ರಕ್ತದ ಮದ್ಯಾಂಶ ಗಂಟೆಗೆ ಸುಮಾರು 0.015 ಪ್ರತಿಶತದಂತೆ ಇಳಿಯುತ್ತದೆ. ರಾತ್ರಿ 2ಕ್ಕೆ 0.12 ಇದ್ದರೆ ಬೆಳಗ್ಗೆ 8ಕ್ಕೆ ಇನ್ನೂ 0.03, ಸೊನ್ನೆಯಾಗುವಾಗ 10. ಸ್ನಾನ, ಕಾಫಿ, ತಿಂಡಿ ಇದನ್ನು ಬೇಗ ಮಾಡುವುದಿಲ್ಲ. ಸೋಮವಾರ ಓಡಿಸುವವರು ಭಾನುವಾರ ಕುಡಿಯದಿರುವುದೇ ಸುಲಭದ ಲೆಕ್ಕ. ಮೂರು ದಿನವೂ ಇಯರ್‌ಪ್ಲಗ್ ಹಾಕಿ: 100 ಡೆಸಿಬಲ್ ಸದ್ದನ್ನು ದಿನಕ್ಕೆ 15 ನಿಮಿಷ ಮಾತ್ರ ಕೇಳಬಹುದೆಂಬುದು ಸುರಕ್ಷತೆಯ ಮಿತಿ. ಕಿವಿ ಗುಂಯ್‌ಗುಡುತ್ತಿದ್ದರೆ ಚಕ್ರದ ಬೇರಿಂಗ್ ಕೊರೆಯುವ ಸಣ್ಣ ಸದ್ದು ಕೇಳಿಸುವುದಿಲ್ಲ.

ಮುಖ್ಯ ದ್ವಾರದ ಸಾಲು ಬೆಳಗ್ಗೆ ಗಂಟೆಗಟ್ಟಲೆ ಇರುತ್ತದೆ, ಅದು ಕರಗುವ ತನಕ ಮಲಗಿರಿ. ಸಾಲಿನಲ್ಲಿ ಸಿಕ್ಕಿಕೊಂಡು ಎಂಜಿನ್ ಬಿಸಿಯ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ; ಎಂಜಿನ್ನಿನ ಶಾಖ ಒಳಕ್ಕೆ ಬರುತ್ತದೆ. ಮುಳ್ಳು ಇಳಿಯದಿದ್ದರೆ ಪಕ್ಕಕ್ಕೆ ಸರಿದು ಆರಿಸಿ, ಅರ್ಧ ಗಂಟೆ ಬಾನೆಟ್ ತೆರೆದಿಟ್ಟು, ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ನೋಡಿ.