ಪ್ರೆಸ್ಸಿನ ತಾರಸಿಗೆ ಸೋಲಾರ್: ಮೊದಲು ಮೇನ್ ಆಫ್ ಮಾಡಿ ನೋಡಿದೆ

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಒಂದು ಆಫ್‌ಸೆಟ್ ಮೆಷಿನ್, ಪೇಪರ್ ಕಟಿಂಗ್ ಮೆಷಿನ್, ಲ್ಯಾಮಿನೇಟರ್, ಡಿಸೈನ್‌ಗೆ ನಾಲ್ಕು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಏಸಿ. ಸೋಲಾರ್ ಹಾಕಿಸಬೇಕು ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಕಿಲೋವ್ಯಾಟ್?" ನಾನೂ ಅದನ್ನೇ ಹಿಡಿದುಕೊಂಡು ಎರಡು ತಿಂಗಳು ಕಳೆದೆ.

ಮೊದಲು ಬಂದವರು ಬಿಲ್ ನೋಡಿ, ತಾರಸಿ ಅಳೆದು, ಹತ್ತು ಕಿಲೋವ್ಯಾಟ್ ಅಂದರು. ಬ್ಯಾಟರಿ ಇಲ್ಲದ, ಲೈನಿಗೆ ನೇರವಾಗಿ ಸೇರಿಸುವ ಇನ್ವರ್ಟರ್. ಎಲ್ಲ ಮುಗಿಯಿತು ಅನ್ನುವಾಗ ಸುಮ್ನೆ ಕೇಳಿದೆ, "ಕರೆಂಟ್ ಹೋದಾಗ ಇದರಲ್ಲಿ ಕಂಪ್ಯೂಟರ್ ಓಡುತ್ತದೆ ಅಲ್ವಾ?" ಓಡುವುದಿಲ್ಲವಂತೆ. ಸುಡುಬಿಸಿಲಿದ್ದರೂ ಲೈನ್ ಹೋದ ತಕ್ಷಣ ಆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಕಾರಣ ನ್ಯಾಯವಾದದ್ದೇ. ಲೈನ್ ರಿಪೇರಿಗೆ ಕಂಬ ಹತ್ತಿದವನ ಕಡೆಗೆ ನಮ್ಮ ತಾರಸಿಯಿಂದ ಕರೆಂಟ್ ಹೋಗಬಾರದು. ಆದರೆ ನಾನು ಕೇಳದಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಅಲ್ಲಿಂದ ಲೆಕ್ಕ ಉಲ್ಟಾ ಮಾಡಿದೆ. ಪ್ಯಾನೆಲ್ ಬಿಟ್ಟು ಮೀಟರ್ ಹಿಡಿದೆ. ಎರಡು ವಾರ, ಅರ್ಧ ಗಂಟೆಗೊಮ್ಮೆ ರೀಡಿಂಗ್ ಬರೆದಿಟ್ಟೆ. ದಿನಕ್ಕೆ ಸರಾಸರಿ 38 ಯೂನಿಟ್. ಅದರಲ್ಲಿ ಮೂರು ಯೂನಿಟ್ ರಾತ್ರಿ, ಪ್ರೆಸ್ ಬಾಗಿಲು ಹಾಕಿದ ಮೇಲೆ! ಆಫ್ ಮಾಡದ ಕಂಪ್ಯೂಟರ್, ಬಿಸಿಯಾಗಿಯೇ ಕಾಯುತ್ತಿದ್ದ ಪ್ರಿಂಟರ್, ಯಾವುದೋ ಮೂಲೆಯ ಸ್ಟೆಬಿಲೈಸರ್. ಒಂದು ರೂಪಾಯಿಯ ಸೋಲಾರ್ ಹಾಕದೆ ಉಳಿದದ್ದು ಅದು. ಮನೆಗೆ ಹೊರಡುವಾಗ ಒಂದು ಸ್ವಿಚ್ ಕೆಳಗೆ ಮಾಡುವುದು, ಅಷ್ಟೇ.

ಆಮೇಲೆ ಮಾಡಿದ ಕೆಲಸಕ್ಕೆ ಹುಡುಗರು ಇವತ್ತಿಗೂ ನಗುತ್ತಾರೆ. ಒಂದು ದಿನ ಕೆಲಸದ ನಡುವೆ, ಯಾರಿಗೂ ಹೇಳದೆ ಮೇನ್ ಆಫ್ ಮಾಡಿದೆ. ಯಾರು ಮೊದಲು ಕೂಗುತ್ತಾರೆ ನೋಡೋಣ ಅಂತ. ಆಫ್‌ಸೆಟ್ ಮೆಷಿನ್ ಹತ್ತಿರದಿಂದ ಕೂಗು ಬರುತ್ತದೆ ಅಂದುಕೊಂಡಿದ್ದೆ. ಅಲ್ಲಿದ್ದವನು ಕೈ ಒರೆಸಿಕೊಂಡು ಆರಾಮಾಗಿ ಕೂತ. ಮತ್ತೆ ಶುರು ಮಾಡಿದಾಗ ಇಂಕು ನೀರು ಹೊಂದಿಕೊಳ್ಳುವವರೆಗೆ ಒಂದಷ್ಟು ಹಾಳೆ ವೇಸ್ಟ್, ಅದು ಅವನಿಗೆ ಮಾಮೂಲು. ಕೂಗಿದ್ದು ಡಿಸೈನ್ ಮಾಡುವವಳು. ಒಂದು ಗಂಟೆಯ ಕೆಲಸ ಸೇವ್ ಮಾಡಿರಲಿಲ್ಲ. ಕೌಂಟರಿನಲ್ಲಿ ನಿಂತಿದ್ದವರು, ನಾಲ್ಕು ಪುಟದ ಪ್ರಿಂಟ್ ಬೇಕಾಗಿದ್ದವರು, ಹೊರಟು ಹೋದರು. ನಷ್ಟ ಎಲ್ಲಿದೆ ಅಂತ ಆವತ್ತು ಕಣ್ಣಿಗೆ ಬಿತ್ತು. (ಆ ಫೈಲಿಗೆ ನಾನು ಕ್ಷಮೆ ಕೇಳಿದ್ದೇನೆ.)

ಹಾಗಾಗಿ ಬೋರ್ಡನ್ನು ಎರಡು ಮಾಡಿಸಿದೆ. ಒಂದರಲ್ಲಿ ಕಂಪ್ಯೂಟರ್, ಲೇಸರ್ ಪ್ರಿಂಟರ್, ಲೈಟು, ಫ್ಯಾನು, ಇಂಟರ್ನೆಟ್. ಇದು ಬ್ಯಾಟರಿ ಬೋರ್ಡು. ಇನ್ನೊಂದರಲ್ಲಿ ಆಫ್‌ಸೆಟ್, ಕಟಿಂಗ್, ಲ್ಯಾಮಿನೇಟರ್, ಏಸಿ. ಲೈನ್ ಇದ್ದರೆ ಓಡುತ್ತವೆ, ಇಲ್ಲದಿದ್ದರೆ ಇಲ್ಲ.

ಆಫ್‌ಸೆಟ್ಟನ್ನು ಹೊರಗಿಟ್ಟಿದ್ದಕ್ಕೆ ಇನ್ನೊಂದು ಕಾರಣವಿದೆ. ಅದರದು ಐದು ಎಚ್‌ಪಿ ಮೋಟಾರ್, ಅಂದರೆ 3.7 ಕಿಲೋವ್ಯಾಟ್. ಕೇಳೋಕೆ ಜಾಸ್ತಿ ಏನಲ್ಲ. ಆದರೆ ನೇರವಾಗಿ ಸ್ಟಾರ್ಟ್ ಮಾಡಿದರೆ ಮೋಟಾರ್ ಆ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನ್ ಅದನ್ನು ತಡೆದುಕೊಳ್ಳುತ್ತದೆ, ನಾನು ಈ ಸಲ ಆರಿಸಿದ, ಬ್ಯಾಟರಿಯಿಂದಲೂ ಓಡುವ ಎಂಟು ಕಿಲೋವ್ಯಾಟ್ ಇನ್ವರ್ಟರ್ ಟ್ರಿಪ್ ಆಗುತ್ತದೆ. ಆ ಒಂದು ಕ್ಷಣಕ್ಕೋಸ್ಕರ ದೊಡ್ಡ ಇನ್ವರ್ಟರ್ ತರುವುದು ದಂಡ. ಮೋಟಾರಿಗೆ ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಹಾಕಿಸಿದರೆ ನಿಧಾನಕ್ಕೆ ಸ್ಟಾರ್ಟ್ ಆಗುತ್ತದೆ, ಎಳೆತ ತಪ್ಪುತ್ತದೆ. ಅದು ಮುಂದಿನ ಮಾತು ಅಂತ ಬಿಟ್ಟೆ. ನೀವು ಅಳೆಯುವುದಾದರೆ ಇನ್‌ರಶ್, ಅಂದರೆ ಆ ಸ್ಟಾರ್ಟಿಂಗ್ ಎಳೆತ, ತೋರಿಸುವ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವುದು) ಬೇಕು. ಮಾಮೂಲಿ ಮೀಟರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಬ್ಯಾಟರಿ ಲೆಕ್ಕ ಈಗ ಸುಲಭವಾಯಿತು. ಬ್ಯಾಟರಿ ಬೋರ್ಡಿನ ಲೋಡು 1.6 ಕಿಲೋವ್ಯಾಟ್. ನನಗೆ ಮೂರು ಗಂಟೆ ಸಾಕು. ಅಲ್ಲಿಗೆ 4.8 ಯೂನಿಟ್. ಇನ್ವರ್ಟರಿನಲ್ಲಿ ಹತ್ತು ಭಾಗದಲ್ಲಿ ಒಂದು ಭಾಗ ಸೋರಿ ಹೋಗುತ್ತದೆ ಅಂತ ಹಿಡಿದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡದೆ ಶೇಕಡಾ 20 ಉಳಿಸಬೇಕು. ಹೀಗೆ ಸುಮಾರು 6.7 ಯೂನಿಟ್ ಬಂತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 51.2 ವೋಲ್ಟ್, 100 ಆಂಪಿಯರ್ ಅವರ್, ಒಂದರಲ್ಲಿ 5.12 ಯೂನಿಟ್. ಒಂದು ಸಾಲದು, ಎರಡು ತಂದೆ. ಲೆಡ್ ಆಸಿಡ್ ತರುವ ಆಸೆಯೂ ಇತ್ತು, ಶುರುವಿನಲ್ಲಿ ಅಗ್ಗ. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ಅಷ್ಟೇ ಕೆಲಸಕ್ಕೆ ಒಂದೂವರೆ ಪಟ್ಟಿಗೂ ಜಾಸ್ತಿ ಇಡಬೇಕು. ಬಿಟ್ಟೆ.

ಪ್ಯಾನೆಲ್ ಕಡೆಗೆ ಬಂದಿದ್ದು ಇಷ್ಟೆಲ್ಲ ಆದ ಮೇಲೆ. ತಾರಸಿಯಲ್ಲಿ ನೀರಿನ ಟ್ಯಾಂಕ್ ಇದೆ. ಸೀಮೆಸುಣ್ಣ ಹಿಡಿದು ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಗಂಟೆಗೊಮ್ಮೆ ನೆರಳಿನ ಗೆರೆ ಎಳೆದೆ. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದು ನೆರಳು ಇನ್ನೂ ಉದ್ದವಾಗುತ್ತದೆ ಅಂತ ಎಲೆಕ್ಟ್ರಿಷಿಯನ್ ನೆನಪಿಸಿದ್ದಕ್ಕೆ ಒಂದು ಸಾಲು ಜಾಗ ಜಾಸ್ತಿ ಬಿಟ್ಟೆ. ಸಾಲಾಗಿ ಸೇರಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು ಬೀಳಬಹುದು. ಓಡಾಡಿ ತೊಳೆಯುವ ದಾರಿ ಬಿಟ್ಟು ಉಳಿದ ಜಾಗಕ್ಕೆ ಬಂದದ್ದು 550 ವ್ಯಾಟಿನ 14 ಪ್ಯಾನೆಲ್, ಒಟ್ಟು 7.7 ಕಿಲೋವ್ಯಾಟ್. ಏಳು ಬೆಳಗಿನ ಬಿಸಿಲಿಗೆ ಮುಖ ಮಾಡಿವೆ, ಏಳು ಮಧ್ಯಾಹ್ನದ ನಂತರದ ಬಿಸಿಲಿಗೆ. ಎರಡೂ ಸಾಲು ಇನ್ವರ್ಟರಿನ ಬೇರೆ ಬೇರೆ ಎಂಪಿಪಿಟಿಗೆ (ಪ್ಯಾನೆಲ್‌ನಿಂದ ಸಿಗುವಷ್ಟೂ ಪವರ್ ಎಳೆದುಕೊಳ್ಳುವ ಭಾಗ) ಹೋಗುತ್ತವೆ. ಒಟ್ಟು ಉತ್ಪಾದನೆ ಸ್ವಲ್ಪ ಕಡಿಮೆ, ಆದರೆ ನನ್ನ ಮೆಷಿನ್‌ಗಳು ಜಾಸ್ತಿ ಓಡುವುದು ಸಂಜೆ ಕಡೆಗೆ.

ಬಿಸಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಬೆಳಕಿಗೆ ಅದು ನಿಜ, ಬಿಸಿಗೆ ಅಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್ ಲೆಕ್ಕದ್ದು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಸುಮಾರು ಶೇಕಡಾ 0.3ರಿಂದ 0.4 ಕಡಿಮೆಯಾಗುತ್ತದೆ. ಅದಕ್ಕೇ ಕೆಳಗೆ ಗಾಳಿಯಾಡುವಷ್ಟು ಎತ್ತರಕ್ಕೆ ಸ್ಟ್ಯಾಂಡ್ ಮಾಡಿಸಿದೆ. ಗಾಳಿ ಎತ್ತಿಕೊಂಡು ಹೋಗದ ಹಾಗೆ ಕಾಂಕ್ರೀಟ್ ಬ್ಲಾಕ್ ಕೂರಿಸಿದೆವು, ತಾರಸಿ ಕೊರೆಯಲಿಲ್ಲ. ಅದಕ್ಕೂ ಮೊದಲು ಆ ಭಾರ ತಾರಸಿ ತಡೆಯುತ್ತದಾ ಅಂತ ಎಂಜಿನಿಯರ್ ಹತ್ತಿರ ಕೇಳಿದ್ದೆ. ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವುದು), ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಕರೆಂಟ್ ಕಡಿಯುವ ಸ್ವಿಚ್) ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಪ್ಯಾನೆಲಿನ ಡಿಸಿ ಕರೆಂಟಿನ ಕಿಡಿ ಲೈನಿನ ಕರೆಂಟಿನದರ ಹಾಗೆ ಸುಲಭಕ್ಕೆ ತಾನಾಗಿ ಆರುವುದಿಲ್ಲ, ನನ್ನದೋ ಕಾಗದದ ಗೋಡೌನು. ಬ್ಯಾಟರಿಯನ್ನು ಅಲ್ಲಿಂದ ದೂರ, ತಂಪಾದ ಗೋಡೆಗೆ ಹಾಕಿಸಿದೆ.

ಇಷ್ಟು ಮಾಡಿಯೂ ಮೊದಲ ತಿಂಗಳೇ ಎಡವಿದೆವು. ಮೋಡ ಕವಿದ ದಿನ, ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಅರ್ಜೆಂಟ್ ಕೆಲಸ ಅಂತ ಹುಡುಗನೊಬ್ಬ ಎಕ್ಸ್‌ಟೆನ್ಷನ್ ಎಳೆದು ಲ್ಯಾಮಿನೇಟರನ್ನು ಕಂಪ್ಯೂಟರ್ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ. ಎರಡು ಕಿಲೋವ್ಯಾಟಿನ ಹೀಟರ್ ಅದು. ಎರಡು ಗಂಟೆಯಲ್ಲಿ ಬ್ಯಾಟರಿ ತಳ ಕಂಡಿತು, ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಆಫ್. ತಪ್ಪು ಅವನದಲ್ಲ. ಆ ಕೋಣೆಯಲ್ಲಿ ಖಾಲಿ ಪ್ಲಗ್ ಬಿಟ್ಟಿದ್ದು ನಾನು. ಮರುದಿನವೇ ಬ್ಯಾಟರಿ ಬೋರ್ಡಿನ ಪ್ಲಗ್‌ಗಳಿಗೆ ಕೆಂಪು ಬಣ್ಣ ಬಳಿದು, ಬೇಡದ್ದನ್ನು ತೆಗೆಸಿದೆ.

ಈಗ ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ನೋಡುತ್ತೇನೆ, ಹೇಳಿಯೇ. ಬ್ಯಾಟರಿ ಬೋರ್ಡಿನಲ್ಲಿ ಎರಡು ಎಂಸಿಬಿಗೆ (ಟ್ರಿಪ್ ಆಗುವ ಸ್ವಿಚ್) ಜಾಗ ಖಾಲಿ ಇದೆ. ಅಲ್ಲಿ ಏನು ಹಾಕೋಣ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಲ್ಯಾಮಿನೇಟರ್ ಅಂತೂ ಅಲ್ಲ.